ನಂದಿನಿಯ ನೀರಿಗೆ ಹೊಣೆ ಯಾರು?

ಕಟೀಲು ದೇವಾಲಯವನ್ನು ಎರಡು ಕಡೆಯಿಂದಲೂ ಬಳಸಿ ಹರಿಯುವ ನಂದಿನಿ ದೊಡ್ಡ ನದಿಯೇನೂ ಅಲ್ಲ. ಕಿನ್ನಿಗೋಳಿ, ಪಕ್ಷಿಕೆರೆ ಪರಿಸರದ ಗದ್ದೆ ತೋಟಗಳ ನೀರನ್ನು ಕೂಡಿಸಿಕೊಂಡು, ಪಾವಂಜೆಯಲ್ಲಿ ರಾಷ್ಟ್ರೀಯ ಹೆದ್ದಾರಿಯ ಸೇತುವೆಯಡಿ ಹಾದು, ಸಸಿಹಿತ್ಲು ಬಳಿ ಶಾಂಭವಿಯೊಂದಿಗೆ ಕಡಲು ಸೇರುತ್ತದೆ. ಹೊಳೆ ಚಿಕ್ಕದಾದರೂ ಇಕ್ಕೆಲಗಳ ಬಾವಿಗಳಿಗೂ ಬೇಸಾಯಕ್ಕೂ ಮೀನುಗಾರರ ಬಲೆಗೂ ಅದೇ ಆಧಾರ.

ಸುರತ್ಕಲ್ ಕಡೆಯ ಕೊಳಚೆ ನೀರು ಹೊಳೆಗೆ ಸೇರುತ್ತಿದೆಯೆಂದು ಚೇಳಾಯರು, ಖಂಡಿಗೆ ಭಾಗದ ಜನರು ಇತ್ತೀಚಿನ ವರ್ಷಗಳಲ್ಲಿ ದೂರುತ್ತಾ ಬಂದಿದ್ದಾರೆ, ಪ್ರತಿಭಟನೆಯನ್ನೂ ನಡೆಸಿದ್ದಾರೆ. ಖಂಡಿಗೆಯಲ್ಲಿ ಮೇ ತಿಂಗಳಲ್ಲಿ ಊರಿಗೆ ಊರೇ ಹೊಳೆಗಿಳಿದು ಮೀನು ಹಿಡಿಯುವ ಸಂಪ್ರದಾಯವಿದೆ. ನೀರು ಕೆಟ್ಟರೆ ಮೀನಿನೊಂದಿಗೆ ಜನರನ್ನು ಒಟ್ಟುಗೂಡಿಸುವ ಆ ದಿನವೂ ಇಲ್ಲವಾಗುತ್ತದೆ.

ಕಾನೂನಿನ ಕೊರತೆ ಇಲ್ಲಿಲ್ಲ. ಜಲಮಾಲಿನ್ಯ ತಡೆ ಕಾಯಿದೆ 1974ರಲ್ಲೇ ಜಾರಿಗೆ ಬಂದಿದೆ. ಕೊರತೆ ಇರುವುದು ಹೊಣೆಗಾರಿಕೆಯಲ್ಲಿ. ಸುರತ್ಕಲ್ ಮಹಾನಗರ ಪಾಲಿಕೆಗೆ ಸೇರಿದರೆ ಕಿನ್ನಿಗೋಳಿಗೆ ಪಟ್ಟಣ ಪಂಚಾಯತ್, ಹಳೆಯಂಗಡಿಗೆ ಗ್ರಾಮ ಪಂಚಾಯತ್. ಹೊಳೆ ಒಂದೇ, ಆಡಳಿತ ಹಲವು. ಪಟ್ಟಣ ಬಿಟ್ಟ ನೀರಿನ ದುರ್ವಾಸನೆ ಪಟ್ಟಣಕ್ಕೆ ತಟ್ಟುವುದಿಲ್ಲ, ಹಳ್ಳಿಯ ಬಾವಿಗೆ ತಟ್ಟುತ್ತದೆ. ಬಾಟಲಿ ನೀರು ಕೊಳ್ಳಲಾಗದ ಬಡವನೇ ಕೊನೆಗೆ ಇದರ ಬೆಲೆ ತೆರುತ್ತಾನೆ.

ಶುದ್ಧ ಕುಡಿಯುವ ನೀರು ಮನುಷ್ಯನ ಮೂಲಭೂತ ಹಕ್ಕೆಂದು ದಿವಂಗತ ಪೋಪ್ ಫ್ರಾನ್ಸಿಸ್‌ರವರು 2015ರ 'ಲೌದಾತೊ ಸಿ' ವಿಶ್ವಪತ್ರದಲ್ಲಿ ಸ್ಪಷ್ಟವಾಗಿ ಬೋಧಿಸಿದ್ದಾರೆ. ಸೆಪ್ಟೆಂಬರ್ 8ರ ಮೊಂತಿ ಹಬ್ಬದಂದು ಹೊಸ ತೆನೆಯನ್ನು ಆಶೀರ್ವದಿಸಿ ಮನೆಗೆ ಒಯ್ಯುವ ನಾವು, ಆ ತೆನೆಗೆ ನೀರುಣಿಸುವ ಹೊಳೆ ತೋಡುಗಳನ್ನು ಮರೆಯುವುದು ಸರಿಯೇ?

ಬೇರೆಯವರನ್ನು ಪ್ರಶ್ನಿಸುವ ಮೊದಲು ನಮ್ಮ ಅಂಗಳವನ್ನು ನೋಡಿಕೊಳ್ಳೋಣ. ಚರ್ಚ್ ಸಭಾಂಗಣದ ಊಟದ ನಂತರ ತೊಳೆದ ನೀರು ಎಲ್ಲಿಗೆ ಹೋಗುತ್ತದೆ? ಶಾಲೆಯ, ಕಾನ್ವೆಂಟಿನ ಶೌಚಗುಂಡಿ ತುಂಬಿದಾಗ ಅದನ್ನು ಎಲ್ಲಿ ಖಾಲಿ ಮಾಡುತ್ತಾರೆ? ಹೊಳೆಯ ಆಸುಪಾಸಿನ ಪ್ರತಿಯೊಂದು ಚರ್ಚ್‌ನ ಪಾಲನಾ ಪರಿಷತ್ತು ಈ ಎರಡು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಲಿ. ಗುರಿಕಾರರು ತಮ್ಮ ವಾಳೆಯ ಬಾವಿಗಳ ಸ್ಥಿತಿಯನ್ನು ವಿಚಾರಿಸಲಿ. ಆ ಮಾಹಿತಿಯೊಂದಿಗೆ ಹಿಂದೂ, ಮುಸ್ಲಿಂ ಬಾಂಧವರ ಜತೆಗೂಡಿ ಗ್ರಾಮಸಭೆಗೆ ಹೋಗೋಣ. ಮನವಿ ಕೊಟ್ಟು ಮರಳಿದರೆ ಸಾಲದು, ಉತ್ತರ ಬರುವ ತನಕ ಕೇಳುತ್ತಿರಬೇಕು.

ದೇವರು ಕೊಟ್ಟ ನೀರಿಗೆ ಗ್ರಾಮದ ಗಡಿಯಿಲ್ಲ, ಜಾತಿ ಮತವೂ ಇಲ್ಲ. ಅದನ್ನು ಉಳಿಸುವ ಕೆಲಸಕ್ಕೂ ಅವು ಅಡ್ಡಬಾರದಿರಲಿ.