ಹುದ್ದೆಯ ಬಲವೇ ಬೇರೆ, ಮಾತಿನ ತೂಕವೇ ಬೇರೆ

ಕೆಜಿಎಫ್: ಕನ್ನಡದಲ್ಲಿ ‘ಅಧಿಕಾರ’ ಎಂಬ ಒಂದೇ ಶಬ್ದ ಎರಡು ಭಿನ್ನ ಸಂಗತಿಗಳ ಭಾರವನ್ನು ಹೊರುತ್ತದೆ. ಆದೇಶ ಹೊರಡಿಸುವ, ವರ್ಗಾವಣೆ ಮಾಡುವ, ಚೆಕ್ಕಿಗೆ ಸಹಿ ಹಾಕುವ ಬಲವೂ ಅಧಿಕಾರವೇ. ಆಡಿದ ಮಾತನ್ನು ಜನ ಒತ್ತಾಯವಿಲ್ಲದೆ ಒಪ್ಪಿಕೊಳ್ಳುವಂತಹ ಯೋಗ್ಯತೆಯೂ ಅಧಿಕಾರವೇ. ರಾಜಕಾರಣದಲ್ಲಿ ಈ ಗೊಂದಲ ನಮಗೆ ಅಭ್ಯಾಸವಾಗಿ ಹೋಗಿದೆ. ಕ್ರೈಸ್ತ ಸಭೆಗಳ ಆಡಳಿತದಲ್ಲಿ ಮಾತ್ರ ಅದು ಈಚಿನ ವರ್ಷಗಳಲ್ಲಿ ನ್ಯಾಯಾಲಯದ ಮೆಟ್ಟಿಲು ಹತ್ತಿದೆ.

1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಉದಯಿಸಿದ ದಕ್ಷಿಣ ಭಾರತ ಸಭೆಯನ್ನೇ (ಸಿಎಸ್‌ಐ) ನೋಡಬಹುದು. ಬಿಷಪ್ಪರ ಹುದ್ದೆಯನ್ನು ಉಳಿಸಿಕೊಂಡು, ಅದನ್ನು ಸಂವಿಧಾನ ಹಾಗೂ ಚುನಾಯಿತ ಸಮಿತಿಗಳ ಚೌಕಟ್ಟಿಗೆ ಒಳಪಡಿಸುವುದು ಅದರ ಸ್ಥಾಪಕರ ಉದ್ದೇಶವಾಗಿತ್ತು. ಆದರೆ ನಿವೃತ್ತಿ ವಯಸ್ಸನ್ನು 67ರಿಂದ 70ಕ್ಕೆ ಏರಿಸುವ ತಿದ್ದುಪಡಿ ಮತ್ತು ಸರ್ವೋಚ್ಚ ಹುದ್ದೆಯಾದ ಮಾಡರೇಟರ್ ಸ್ಥಾನದ ಚುನಾವಣೆ ವಿವಾದಕ್ಕೆ ಸಿಲುಕಿದವು. 2023ರ ಸೆಪ್ಟೆಂಬರ್‌ನಲ್ಲಿ ಮದ್ರಾಸ್ ಹೈಕೋರ್ಟ್ ಆ ಆಯ್ಕೆಯನ್ನು ರದ್ದುಪಡಿಸಿತು. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಸಭೆಯ ಹಿರಿಯರು ಯಾರೆಂಬುದನ್ನು ಸಭೆಯೇ ತೀರ್ಮಾನಿಸಲಾಗದೆ ನ್ಯಾಯಾಧೀಶರು ತೀರ್ಮಾನಿಸಬೇಕಾಗಿ ಬಂದಾಗ, ಹುದ್ದೆ ಯಾರ ಪಾಲಾದರೂ ಅದರ ಮಾತಿನ ತೂಕ ಮೊದಲಿನಂತೆ ಉಳಿಯುವುದು ಕಷ್ಟ.

ಮೈಸೂರು ಕ್ಯಾಥೊಲಿಕ್ ಧರ್ಮಪ್ರಾಂತ್ಯದ ಪ್ರಕರಣ ಇನ್ನೂ ಸ್ಪಷ್ಟವಾದದ್ದು. 2019ರಲ್ಲಿ ಅಲ್ಲಿನ 37 ಗುರುಗಳು ತಮ್ಮ ಧರ್ಮಾಧ್ಯಕ್ಷರ ವಿರುದ್ಧವೇ ಪೋಪರಿಗೆ ದೂರು ಬರೆದರು. ಧರ್ಮಾಧ್ಯಕ್ಷರು ಆರೋಪಗಳನ್ನು ನಿರಾಕರಿಸಿದರು. ಅವುಗಳ ಸತ್ಯಾಸತ್ಯತೆ ಇಲ್ಲಿನ ಚರ್ಚೆಯ ವಿಷಯವಲ್ಲ. ಗಮನಿಸಬೇಕಾದದ್ದು ಕಾಲಾವಧಿಯನ್ನು. 2023ರ ಜನವರಿಯಲ್ಲಿ ವ್ಯಾಟಿಕನ್ ಅವರಿಗೆ ರಜೆಯ ಮೇಲೆ ತೆರಳುವಂತೆ ಸೂಚಿಸಿ, ಬೆಂಗಳೂರಿನ ನಿವೃತ್ತ ಮಹಾಧರ್ಮಾಧ್ಯಕ್ಷ ಬರ್ನಾರ್ಡ್ ಮೊರಾಸ್ ಅವರನ್ನು ಆಡಳಿತಾಧಿಕಾರಿಯನ್ನಾಗಿ ನೇಮಿಸಿತು. ರಾಜೀನಾಮೆ ಅಂಗೀಕಾರವಾದದ್ದು 2025ರ ಜನವರಿಯಲ್ಲಿ. ಗುರುಗಳ ಪತ್ರಕ್ಕೂ ರಜೆಯ ಸೂಚನೆಗೂ ನಡುವಿನ ಮೂರಕ್ಕೂ ಹೆಚ್ಚು ವರ್ಷ ಕಾನೂನಿನ ಬಲವೆಲ್ಲ ಒಂದು ಕಡೆಗಿತ್ತು, ವಿಶ್ವಾಸ ಒಡೆದುಹೋಗಿತ್ತು. 1983ರ ಕ್ಯಾಥೊಲಿಕ್ ಸಭಾಸಂಹಿತೆಯ ಪ್ರಕಾರ ಶಾಸನ, ಆಡಳಿತ, ನ್ಯಾಯ ಮೂರೂ ಧರ್ಮಾಧ್ಯಕ್ಷರ ಕೈಯಲ್ಲೇ ಇವೆ. ಪ್ರತಿ ಧರ್ಮಕೇಂದ್ರದಲ್ಲಿ ಹಣಕಾಸು ಸಮಿತಿ ಇರಲೇಬೇಕು ಎಂದು ಸಂಹಿತೆ ವಿಧಿಸುತ್ತದೆ, ನಿಜ. ಆದರೆ ಅದು ಸಲಹೆ ನೀಡಬಹುದೇ ಹೊರತು ಕಟ್ಟಿಹಾಕಲಾರದು.

ಈ ಭೇದ ಸಭೆಗೆ ಹೊಸದೇನಲ್ಲ. ಕ್ರಿ.ಶ. 494ರಲ್ಲಿ ಪೋಪ್ ಗೆಲಾಸಿಯಸ್ ಚಕ್ರವರ್ತಿ ಅನಸ್ತಾಸಿಯಸ್‌ಗೆ ಬರೆದ ಪತ್ರದಲ್ಲಿ ಧರ್ಮಗುರುಗಳದ್ದಕ್ಕೆ ‘ಆಕ್ಟೋರಿತಾಸ್’ ಎಂದೂ ಅರಸರದ್ದಕ್ಕೆ ‘ಪೊತೆಸ್ತಾಸ್’ ಎಂದೂ ಬೇರೆ ಬೇರೆ ಹೆಸರಿಟ್ಟಿದ್ದರು. ವಿಪರ್ಯಾಸವೆಂದರೆ, ಮುಂದೆ ಎರಡನ್ನೂ ಒಂದೇ ಕೈಯಲ್ಲಿ ಹಿಡಿಯಲು ಹೊರಟವರಲ್ಲಿ ಪೋಪರುಗಳೂ ಇದ್ದರು.

ಚಿನ್ನದ ಗಣಿ ಪ್ರದೇಶಕ್ಕೆ ಈ ಚರ್ಚೆ ಬೇರೆಯೇ ರೀತಿಯಲ್ಲಿ ತಟ್ಟುತ್ತದೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಕಾಲಿಟ್ಟ ಮೇಲೆ ಬೆಳೆದ ಈ ಊರಿನಲ್ಲಿ ಯೂರೋಪಿಯನ್ ಅಧಿಕಾರಿಗಳಿಂದ ಹಿಡಿದು ತಮಿಳು ಕಾರ್ಮಿಕರವರೆಗೆ ಪ್ರತಿ ವರ್ಗಕ್ಕೂ ಆರಾಧನಾ ಸ್ಥಳಗಳು ಹುಟ್ಟಿಕೊಂಡವು. ಮನೆ, ಆಸ್ಪತ್ರೆ, ವಿದ್ಯುತ್ ಎಲ್ಲಕ್ಕೂ ಕಂಪನಿಯ ಕಡೆಗೇ ನೋಡುತ್ತಿದ್ದ ಜನರಿಗೆ ಮೇಲಿನವರ ಆದೇಶ ಹೊಸದಾಗಿರಲಿಲ್ಲ. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಕಾಲೋನಿಯ ಮನೆ ಹಾಗೂ ಬಾಕಿ ಹಣಕ್ಕಾಗಿ ಕಾರ್ಮಿಕ ಕುಟುಂಬಗಳು ವರ್ಷಗಟ್ಟಲೆ ಅಲೆಯಬೇಕಾಯಿತು. ಮಾರಿಕುಪ್ಪದಿಂದ ಹೊರಟು ಬಂಗಾರಪೇಟೆಯ ಮೂಲಕ ಬೆಂಗಳೂರಿಗೆ ಸಾಗುವ ರೈಲುಗಳಲ್ಲಿ ಸಾವಿರಾರು ಮಂದಿ ನಸುಕಿಗೇ ಕೂಲಿಗೆ ಹೋಗುತ್ತಾರೆ. ಇಂತಹ ಊರಿಗೆ ಸಭಾಪಾಲಕರನ್ನು ಕಳುಹಿಸುವ, ಹಿಂದಕ್ಕೆ ಕರೆಸಿಕೊಳ್ಳುವ ತೀರ್ಮಾನವೂ ಬೆಂಗಳೂರಿನದ್ದೇ. ಕೆಲವೇ ವರ್ಷ ಇದ್ದು ಹೋಗುವವರ ಬಳಿ ವರ್ಗಾವಣೆ ಪತ್ರವೂ ಸಹಿಯ ಹಕ್ಕೂ ಇರುತ್ತವೆ. ಆದರೆ ಸಾವಿನ ಮನೆಗೆ ಮೊದಲು ಬರುವ ಉಪದೇಶಿಯ ಮಾತನ್ನೋ, ಬೀದಿಯ ಪ್ರಾರ್ಥನಾ ಕೂಟ ನಡೆಸುವ ಅಜ್ಜಿಯ ಮಾತನ್ನೋ ಜನ ಕೇಳುತ್ತಾರೆ.

ಹುದ್ದೆಯಿಲ್ಲದ ಹಿರಿತನಕ್ಕೆ ಈ ಜಿಲ್ಲೆಯಲ್ಲೇ ಹಳೆಯ ನಿದರ್ಶನವಿದೆ. 1876-78ರ ಭೀಕರ ಕ್ಷಾಮದಲ್ಲಿ ಅನಾಥ ಮಕ್ಕಳನ್ನು ಸಲಹಿ ಕೋಲಾರ ಮಿಷನ್ ಕಟ್ಟಿದ ಮಿಸ್ ಆನ್‌ಸ್ಟಿ ಅವರಿಗೆ ಗುರುದೀಕ್ಷೆ ಇರಲಿಲ್ಲ. ಅಂದು ಹೆಣ್ಣಿಗೆ ಅದು ದಕ್ಕುವಂತೆಯೂ ಇರಲಿಲ್ಲ. ಹಾಗಿದ್ದೂ ಅವರು 1890ರಲ್ಲಿ ಮೆಥೋಡಿಸ್ಟರಿಗೆ ಒಪ್ಪಿಸಿದ್ದು ಒಂದು ಇಡೀ ಮಿಷನ್ನನ್ನು. ಬೌರಿಂಗ್‌ಪೇಟೆ ಎನಿಸಿಕೊಂಡಿದ್ದ ಬಂಗಾರಪೇಟೆಯೂ ಸೇರಿದಂತೆ ಈ ಭಾಗದ ಮೆಥೋಡಿಸ್ಟ್ ಸಭೆಗಳ ಚರಿತ್ರೆಯಲ್ಲಿ ಆ ಹಸ್ತಾಂತರಕ್ಕೆ ದೊಡ್ಡ ಸ್ಥಾನವಿದೆ.

ಹಾಗೆಂದು ಹುದ್ದೆಯೇ ಬೇಡವೆನ್ನಲಾಗದು. ಸ್ವತಂತ್ರ ಪೆಂತೆಕೊಸ್ತ್ ಸಭೆಗಳನ್ನು ಗಮನಿಸಿದರೆ ಸಮಸ್ಯೆಯ ಇನ್ನೊಂದು ಮುಖ ಕಾಣುತ್ತದೆ. ಅಲ್ಲಿ ಪಾಸ್ಟರಿಗೆ ಮೊದಲು ದೊರೆಯುವುದು ಜನರ ವಿಶ್ವಾಸ. ಟ್ರಸ್ಟು, ನಿವೇಶನ, ಬ್ಯಾಂಕ್ ಖಾತೆ ನಂತರ ಬರುತ್ತವೆ. ಸ್ಥಾಪಕರು, ಅವರ ಮಡದಿ, ಮಗ ಇಷ್ಟೇ ಟ್ರಸ್ಟಿಗಳಾದ ಕಡೆ ಲೆಕ್ಕ ಕೇಳುವುದೇ ಅವಿಶ್ವಾಸವೆನಿಸಿಬಿಡುತ್ತದೆ. ಸಿಎಸ್‌ಐ ಸಭೆಯ ಸದಸ್ಯ ಪಾಸ್ಟರೇಟ್ ಸಮಿತಿಗೆ ಮತ ಹಾಕಬಹುದು, ಕೊನೆಗೆ ಕೋರ್ಟಿಗಾದರೂ ಹೋಗಬಹುದು. ಇಲ್ಲಿಯವನು ಸಭೆ ಬಿಟ್ಟು ಹೋಗಬಹುದು, ಅಷ್ಟೆ.

ಬಂಗಾರಪೇಟೆಯ ಸೌತ್ ಇಂಡಿಯಾ ಬಿಬ್ಲಿಕಲ್ ಸೆಮಿನರಿ 1937ರಿಂದ ಸಭಾಸೇವಕರನ್ನು ತಯಾರು ಮಾಡುತ್ತಾ ಬಂದಿದೆ. ಅಲ್ಲಿಂದಾಗಲಿ ಬೆಂಗಳೂರಿನಿಂದಾಗಲಿ ಪದವಿ ಹಿಡಿದು ಗಣಿ ಕಾಲೋನಿಗೆ ಬರುವ ಯುವ ಪಾಸ್ಟರಿಗೆ ಮೊದಲ ಪರೀಕ್ಷೆ ಪ್ರಸಂಗಪೀಠದ ಮೇಲಲ್ಲ, ವಾರ್ಷಿಕ ಲೆಕ್ಕಪತ್ರದ ಸಭೆಯಲ್ಲಿ. ಭಾನುವಾರವೊಂದೇ ಬಿಡುವಿರುವ ರೈಲಿನ ಪ್ರಯಾಣಿಕರು ಬರಲಾಗುವ ದಿನ ಆ ಸಭೆ ಕರೆಯುತ್ತಾರೋ, ಲೆಕ್ಕವನ್ನು ಅವರು ಬಲ್ಲ ತಮಿಳಿನಲ್ಲೋ ಕನ್ನಡದಲ್ಲೋ ಓದಿ ಹೇಳುತ್ತಾರೋ ಎಂಬುದನ್ನು ಕಾಲೋನಿಯ ಹಿರಿಯರು ಮೊದಲ ವರ್ಷವೇ ಗಮನಿಸುತ್ತಾರೆ.