ಟಿಕೆಟ್ ಕನ್ಫರ್ಮ್ ಆಗಿತ್ತು, ಅಮ್ಮಂಗೆ ಹೇಳಿರ್ಲಿಲ್ಲ

ಕಳೆದ ಅಕ್ಟೋಬರ್ 8. ಬೆಳಗ್ಗೆ ಏಳೂ ಐವತ್ತೈದಕ್ಕೇ ಫೋನ್ ಹಿಡ್ಕೊಂಡು ಕೂತಿದ್ದೆ. ಎಂಟಕ್ಕೆ ಸರಿಯಾಗಿ ಬುಕಿಂಗ್ ಓಪನ್ ಆಯ್ತು. ಎಂಟೂ ನಾಲ್ಕಕ್ಕೆ ಡಿಸೆಂಬರ್ 7ರ ಬೆಂಗಳೂರು–ಚೆನ್ನೈ ಟಿಕೆಟ್ ಕನ್ಫರ್ಮ್. ಎಕ್ಸೆಲ್ ಶೀಟ್ ತೆಗೆದು ಆ ಸಾಲಿಗೆ ಹಸಿರು ಬಣ್ಣ ಹಚ್ಚಿದೆ. ದಾವಣಗೆರೆ–ಬೆಂಗಳೂರು ಟಿಕೆಟ್, ಚೆನ್ನೈನಲ್ಲಿ ಉಳಿಯೋಕೆ ರೂಮು, ವಾಪಸ್ ಟಿಕೆಟ್, ವಾರದೊಳಗೆ ಎಲ್ಲ ಸಾಲೂ ಹಸಿರು. ಇಷ್ಟು ಚೆನ್ನಾಗಿ ಪ್ಲಾನ್ ಮಾಡೋರು ನಮ್ಮ ವಂಶದಲ್ಲೇ ಇಲ್ಲ ಅಂತ ನನ್ನ ಬೆನ್ನು ನಾನೇ ತಟ್ಕೊಂಡೆ.

ನವೆಂಬರ್ ಕೊನೆಗೆ ಅಟ್ಟದಿಂದ ಬ್ಯಾಗ್ ಇಳಿಸ್ತಾ ಇದ್ದಾಗ ಅಮ್ಮ ಕೇಳಿದ್ರು, "ಎಲ್ಲಿಗೆ ಹೊರಟಿದೀಯ?"

ಆಗ ಹೊಳೀತು. ಇಡೀ ಶೀಟ್‌ನಲ್ಲಿ ಅಮ್ಮನ ಹೆಸರಿನ ಒಂದು ಸಾಲೂ ಇರಲಿಲ್ಲ.

ಅಮ್ಮನಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್. ಮಂಗಳವಾರ ಮತ್ತು ಶುಕ್ರವಾರ, ಪ್ರತಿ ಸಲ ನಾಲ್ಕು ಗಂಟೆ. ಕರ್ಕೊಂಡು ಹೋಗೋದು, ಕಾಯೋದು, ವಾಪಸ್ ಕರ್ಕೊಂಡು ಬರೋದು ನಾನು. ಅವತ್ತು ಸಂಜೆ ಅವರಿಗೆ ಸುಸ್ತು, ಒಮ್ಮೊಮ್ಮೆ ಬಿಪಿ ಇಳಿಯುತ್ತೆ, ಮನೇಲಿ ಒಬ್ರು ಇರಲೇಬೇಕು. ನನ್ನ ಲ್ಯಾಬ್ ಇದ್ದದ್ದು ಸೋಮವಾರದಿಂದ ಶುಕ್ರವಾರ.

ಮರೆತಿದ್ದೆ ಅಂತಲ್ಲ. ಚಿಕ್ಕಪ್ಪನ ಮಗನಿಗೆ ಹೇಳಿದ್ರೆ ಆಯ್ತು ಅಂತ ತಲೆಯ ಒಂದು ಮೂಲೆಯಲ್ಲಿ ಇಟ್ಕೊಂಡಿದ್ದೆ, ಅಷ್ಟೇ. ಅವನಿಗೆ ಫೋನ್ ಮಾಡಿದ್ರೆ, ಧನುರ್ಮಾಸ ಶುರುವಾಗೋದ್ರೊಳಗೆ ಹೆಂಡತಿ ಕಡೆ ಎರಡು ಮದುವೆ, ಆ ವಾರ ಊರಲ್ಲೇ ಇಲ್ಲ. ಆಫೀಸ್‌ನಲ್ಲಿ ರಜೆ ಕೇಳಿದ್ರೆ ಮ್ಯಾನೇಜರ್ ಸಹಜವಾಗೇ ಕೇಳಿದ್ರು, "ಆನ್‌ಲೈನ್ ಡಿಗ್ರಿ ಅಂದಿದ್ರಿ ಅಲ್ವಾ, ಐದು ದಿನ ರಜೆ ಯಾಕೆ?"

ಈ ಪ್ರಶ್ನೆ ನಿಮಗೂ ಬಂದಿರಬಹುದು, ಇಲ್ಲಾ ಮುಂದೆ ಬರಬಹುದು. ಆನ್‌ಲೈನ್ ಅಂದ ತಕ್ಷಣ ಎಲ್ಲವೂ ಸೋಫಾದ ಮೇಲೇ ಮುಗಿಯುತ್ತೆ ಅಂತ ಸುತ್ತಲಿನವರು ಅಂದ್ಕೋತಾರೆ. ನಾವೂ ಅಡ್ಮಿಷನ್ ದಿನ ಹಾಗೇ ಅಂದ್ಕೊಂಡಿರ್ತೀವಿ. ಆದರೆ ಐಐಟಿ ಮದ್ರಾಸ್‌ನ ಬಿಎಸ್ ಪದವಿಯಲ್ಲಿ ಪಾಠ, ವಾರದ ಅಸೈನ್‌ಮೆಂಟ್ ಮನೆಯಲ್ಲೇ ಆದರೂ ಕ್ವಿಜ್‌ಗೂ ಅಂತಿಮ ಪರೀಕ್ಷೆಗೂ ನಿಗದಿತ ಕೇಂದ್ರಕ್ಕೆ ಹೋಗಲೇಬೇಕು. ಎನ್‌ಪಿಟಿಇಎಲ್ ಸರ್ಟಿಫಿಕೇಟ್ ಬೇಕಿದ್ದರೂ ಪರೀಕ್ಷೆ ಬರೆಯೋದು ಕೇಂದ್ರದಲ್ಲೇ. ಕೆಲಸದಲ್ಲಿರೋರಿಗಾಗಿ ಐಐಎಂಗಳು ನಡೆಸೋ ಹಲವು ಕೋರ್ಸ್‌ಗಳಲ್ಲಿ ಕೆಲವು ದಿನ ಕ್ಯಾಂಪಸ್‌ನಲ್ಲೇ ಇರಬೇಕು. ನಾನು ಓದ್ತಿರೋದು ಚೆನ್ನೈನ ಒಂದು ಸಂಸ್ಥೆಯಲ್ಲಿ. ಲ್ಯಾಬ್ ಇರೋ ವಿಷಯಗಳಿಗೆ ಖುದ್ದು ಹಾಜರಿ ಕಡ್ಡಾಯ. ಹೋಗದಿದ್ರೆ ಆ ವಿಷಯ ಮುಂದಿನ ಬ್ಯಾಚ್ ಜೊತೆಗೆ, ಅಂದ್ರೆ ಪದವಿ ಒಂದು ವರ್ಷ ಮುಂದಕ್ಕೆ.

ಹಾಗಾಗಿ ಅವತ್ತು ರಾತ್ರಿ ನನ್ನ ಮುಂದೆ ಇದ್ದದ್ದು ಎರಡೇ ದಾರಿ ಅನ್ನಿಸಿತ್ತು. ಕೋರ್ಸ್ ಬಿಡೋದು, ಇಲ್ಲಾ ಅಮ್ಮನನ್ನು ಯಾರ ಕೈಗೋ ಒಪ್ಪಿಸಿ ಹೋಗೋದು. ಎರಡೂ ಆಗಲ್ಲ ಅಂತ ನಿರ್ಧರಿಸಿ, ಟಿಕೆಟ್ ಕ್ಯಾನ್ಸಲ್ ಮಾಡ್ತೀನಿ ಅಂತ ಅಮ್ಮಂಗೆ ಹೇಳಿದೆ.

ಅಮ್ಮ ಬೈಲಿಲ್ಲ. "ನಂಗೆ ಎರಡು ತಿಂಗಳ ಹಿಂದೆ ಹೇಳೋಕೆ ಏನಾಗಿತ್ತು?" ಅಂದ್ರು ಅಷ್ಟೇ. ಆಮೇಲೆ ಅವರ ಹಳೇ ಫೋನ್ ತಗೊಂಡು ಎರಡು ಕಾಲ್ ಮಾಡಿದ್ರು.

ಮೊದಲನೇದು ಡಯಾಲಿಸಿಸ್‌ನಲ್ಲಿ ಪಕ್ಕದ ಬೆಡ್‌ನ ಆಂಟಿಗೆ. ಅವರ ಮನೆ ನಮ್ಮ ಬಡಾವಣೆಯಲ್ಲೇ, ಬೆಳಗಿನ ಪಾಳಿಗೆ ಗಂಡನ ಜೊತೆ ಆಟೋದಲ್ಲಿ ಬರ್ತಾರೆ. ಒಂದು ವರ್ಷದಿಂದ ಅವರನ್ನು ನೋಡ್ತಿದ್ದೀನಿ, ಎಲ್ಲಿರ್ತಾರೆ ಅಂತ ಕೇಳೋ ಬುದ್ಧಿ ನಂಗೆ ಬಂದಿರಲಿಲ್ಲ. ಎರಡನೇದು ಹರಿಹರದ ಚಿಕ್ಕಮ್ಮಂಗೆ, ಐದು ದಿನ ಬಂದಿರು ಅಂತ. ಮರುದಿನ ಸೆಂಟರ್‌ನವರನ್ನು ಕೇಳಿ ಆ ಒಂದು ವಾರ ಬೆಳಗಿನ ಪಾಳಿಗೆ ಹೆಸರು ಹಾಕಿಸ್ಕೊಂಡ್ರು. ಚಿಕ್ಕಮ್ಮನೂ ಬೇಸರ ತೋರಿಸ್ಲಿಲ್ಲ. "ಸದ್ಯ, ಈಗಲಾದ್ರೂ ಕರೆದ್ರಿ" ಅಂದ್ರಂತೆ.

ನಾನು ಎಕ್ಸೆಲ್‌ನಲ್ಲಿ ಮಾಡದೇ ಇದ್ದ ಕೆಲಸ ಅಮ್ಮ ಅರ್ಧ ಗಂಟೆಯಲ್ಲಿ ಮುಗಿಸಿದ್ರು. ಅಮ್ಮಂಗೆ ಹೇಳಿದ್ರೆ ಟೆನ್ಷನ್ ಮಾಡ್ಕೋತಾರೆ ಅಂತ ಮುಚ್ಚಿಟ್ಟಿದ್ದೆ ಅಂತ ನನಗೆ ನಾನೇ ಹೇಳ್ಕೊಂಡಿದ್ದೆ. ನಿಜ ಹೇಳಬೇಕಂದ್ರೆ, ಹೇಳಿದ್ರೆ ಬೇಡ ಅಂದುಬಿಡ್ತಾರೇನೋ ಅನ್ನೋ ಭಯ ನನ್ನದು. ಕಾಯಿಲೆ ಬಂದ ಮೇಲೆ ಅವರನ್ನು ಎಲ್ಲ ಲೆಕ್ಕದಿಂದಲೂ ಹೊರಗೆ ಇಟ್ಟುಬಿಟ್ಟಿದ್ದೆ. ಅವರಿಗಾಗಿ ಪ್ಲಾನ್ ಮಾಡ್ತಿದ್ದೆ, ಅವರ ಜೊತೆ ಕೂತು ಮಾಡಿರಲಿಲ್ಲ.

ಆಫೀಸ್ ಕಡೆ ಅಷ್ಟು ಸುಲಭವಾಗಲಿಲ್ಲ. ಕೊನೆಗೆ ಮೂರು ದಿನ ರಜೆ ಸಿಕ್ತು. ಉಳಿದೆರಡು ದಿನ ಲ್ಯಾಬ್ ಮುಗಿಸಿ ಸಂಜೆ ಆರರಿಂದ ರಾತ್ರಿ ಹನ್ನೊಂದರವರೆಗೆ ರೂಮಲ್ಲಿ ಕೂತು ಕೆಲಸ ಮಾಡಿದೆ. ಅಡ್ಮಿಷನ್ ಆದ ವಾರವೇ ಕೋರ್ಸ್ ಕ್ಯಾಲೆಂಡರ್ ತೋರಿಸಿ, "ವರ್ಷಕ್ಕೆ ಇಷ್ಟು ದಿನ ನಾನಿರಲ್ಲ" ಅಂತ ಒಂದು ಮೇಲ್ ಹಾಕಿದ್ದಿದ್ರೆ ಈ ಪಾಡು ಬೇಕಿರಲಿಲ್ಲ. ತಡವಾಗಿ ಕೇಳಿದ ರಜೆ ಯಾವಾಗಲೂ ಬೇಡಿ ತಗೊಂಡ ಹಾಗೇ ಇರುತ್ತೆ.

ಈಗ ಪ್ರಯಾಣದ ವಿಷಯ. ಇದರಲ್ಲೂ ನಾನು ಕಲಿತದ್ದು ತಪ್ಪು ಮಾಡಿಯೇ.

ರೈಲು ಬುಕಿಂಗ್ ಈಗ ಪ್ರಯಾಣಕ್ಕೆ 60 ದಿನ ಮೊದಲು ಓಪನ್ ಆಗುತ್ತೆ. 2024ರ ನವೆಂಬರ್‌ಗೆ ಮುಂಚೆ ಇದು 120 ದಿನ ಇತ್ತು. ಸೆಷನ್ ದಿನಾಂಕ ಬಂದ ತಕ್ಷಣ ಹಿಂದಕ್ಕೆ 60 ದಿನ ಎಣಿಸಿ ಫೋನಲ್ಲಿ ಅಲಾರಂ ಇಟ್ಕೊಳ್ಳಿ. ಆಮೇಲೆ ತತ್ಕಾಲ್ ನೋಡೋಣ ಅಂದ್ಕೋಬೇಡಿ. ಅದು ಓಪನ್ ಆಗೋದು ಹಿಂದಿನ ದಿನ, ಎಸಿಗೆ ಹತ್ತಕ್ಕೆ, ಉಳಿದದ್ದಕ್ಕೆ ಹನ್ನೊಂದಕ್ಕೆ. ಕಳೆದ ಜುಲೈಯಿಂದ ಆನ್‌ಲೈನ್‌ನಲ್ಲಿ ತತ್ಕಾಲ್ ಮಾಡೋಕೆ ಅಕೌಂಟ್‌ಗೆ ಆಧಾರ್ ದೃಢೀಕರಣವೂ ಆಗಿರಬೇಕು. ಆ ದಿನ ಬೆಳಗ್ಗೆ ಒಟಿಪಿ ಬರದೆ ಪರದಾಡೋದಕ್ಕಿಂತ ಈಗಲೇ ಆ ಕೆಲಸ ಮುಗಿಸಿಡೋದು ಒಳ್ಳೇದು.

ನಮ್ಮಂಥ ಊರಿನವರಿಗೆ ಇನ್ನೊಂದು ತೊಡಕು, ಬೆಂಗಳೂರಲ್ಲಿ ರೈಲು ಬದಲಿಸೋದು. ಇಳಿಯೋದು ಯಶವಂತಪುರದಲ್ಲಿ, ಹತ್ತೋದು ಕೆಎಸ್ಆರ್‌ನಲ್ಲಿ ಅಂತಾದ್ರೆ ನಡುವೆ ಬೆಂಗಳೂರಿನ ಟ್ರಾಫಿಕ್ ಇದೆ ಅನ್ನೋದು ನೆನಪಿರಲಿ. ನಾನು ಮೂರು ಗಂಟೆ ಅಂತರ ಇಟ್ಕೊಳ್ತೀನಿ. ಇಲ್ಲಾಂದ್ರೆ ಹಿಂದಿನ ರಾತ್ರಿ ಫ್ರೆಂಡ್ ರೂಮಲ್ಲಿ ಉಳ್ಕೊಳ್ತೀನಿ.

ಚೆನ್ನೈ ಸೆಂಟ್ರಲ್‌ನಲ್ಲಿ ಇಳಿದ ಮೇಲೆ ಸುಲಭ. ಕೆಳಗೇ ಮೆಟ್ರೋ ಇದೆ, ವಿಮಾನ ನಿಲ್ದಾಣದ ಕಡೆ ಹೋಗೋ ನೀಲಿ ಮಾರ್ಗ ಹಿಡಿದ್ರೆ ಸೈದಾಪೇಟೆ, ಗಿಂಡಿ ಎಲ್ಲ ನೇರ. ರೂಮು ಹುಡುಕುವಾಗ ಕ್ಯಾಂಪಸ್‌ಗೆ ಎಷ್ಟು ಹತ್ತಿರ ಅಂತ ನೋಡಿ, ಸ್ಟೇಷನ್‌ಗೆ ಎಷ್ಟು ಹತ್ತಿರ ಅಂತಲ್ಲ. ಸ್ಟೇಷನ್‌ಗೆ ಎರಡೇ ಸಲ ಹೋಗ್ತೀರಿ, ಕ್ಯಾಂಪಸ್‌ಗೆ ದಿನಾ.

ಆಯ್ಕೆ ಇದ್ರೆ ಚೆನ್ನೈ ಸೆಷನ್‌ಗೆ ಅಕ್ಟೋಬರ್‌ನಿಂದ ಡಿಸೆಂಬರ್ ತಪ್ಪಿಸಿ. ನಮಗೆ ಮಳೆಗಾಲ ಮುಗೀತು ಅನ್ನೋ ಹೊತ್ತಿಗೆ ಅಲ್ಲಿ ಹಿಂಗಾರು ಶುರು. 2023ರ ಡಿಸೆಂಬರ್ ಮೊದಲ ವಾರ ಮಿಚಾಂಗ್ ಚಂಡಮಾರುತ ಬಂದಾಗ ನಗರದ ಎಷ್ಟೋ ಭಾಗ ನೀರಲ್ಲಿತ್ತು, ರೈಲುಗಳು ರದ್ದಾದವು. ಆಯ್ಕೆ ಇಲ್ಲದಿದ್ರೆ ಒಂದು ದಿನ ಮುಂಚೆ ತಲುಪಿ.

ನನ್ನ ದೊಡ್ಡ ತಪ್ಪು ವಾಪಸ್ ಟಿಕೆಟ್. ಶುಕ್ರವಾರ ಸಂಜೆಯ ರೈಲಿಗೆ ಮಾಡಿದ್ದೆ, ಲ್ಯಾಬ್ ನಾಲ್ಕಕ್ಕೆ ಮುಗಿಯುತ್ತೆ ಅನ್ನೋ ನಂಬಿಕೆಯಲ್ಲಿ. ವೈವಾದಲ್ಲಿ ನನ್ನದು ಕೊನೇ ನಂಬರ್. ಒಳಗೆ ಪ್ರಶ್ನೆ ಕೇಳ್ತಿದ್ರೆ ನನ್ನ ಕಣ್ಣು ಗಡಿಯಾರದ ಮೇಲೆ. ಗೊತ್ತಿದ್ದ ಉತ್ತರವನ್ನೂ ತಪ್ಪಾಗಿ ಹೇಳಿದೆ. ರೈಲೂ ತಪ್ಪಿತು. ರಾತ್ರಿ ಬಸ್‌ನಲ್ಲಿ ಕೂತು ಬೆಂಗಳೂರಿಗೆ ಬಂದೆ. ಎಲ್ಲ ಸೇರಿ ಆ ವಾರದ ಖರ್ಚು ಸುಮಾರು 9,000 ರೂಪಾಯಿ. ಫೀಸ್ ಜೊತೆ ಇದನ್ನೂ ಲೆಕ್ಕ ಹಾಕಿಯೇ ಕೋರ್ಸ್‌ಗೆ ಸೇರಿ. ಒಂದು ರಾತ್ರಿ ರೂಮ್ ಬಾಡಿಗೆ ಹೆಚ್ಚಾದ್ರೂ ಪರವಾಗಿಲ್ಲ, ವಾಪಸ್ ಟಿಕೆಟ್ ಮರುದಿನ ಬೆಳಗ್ಗೆಗೇ ಇರಲಿ.

ಶನಿವಾರ ಮಧ್ಯಾಹ್ನ ಮನೆಗೆ ಬಂದಾಗ ಅಮ್ಮ, ಚಿಕ್ಕಮ್ಮ ಇಬ್ರೂ ಟಿವಿ ಮುಂದೆ ಕೂತಿದ್ರು. ಶುಕ್ರವಾರ ಸ್ವಲ್ಪ ಬಿಪಿ ಇಳಿದಿತ್ತಂತೆ, ನಂಗೆ ವೈವಾ ಇದೆ ಅಂತ ಫೋನ್ ಮಾಡಿರಲಿಲ್ಲ. ಮುಚ್ಚಿಡೋದು ನಮ್ಮ ಮನೇಲಿ ನಾನೊಬ್ಬನೇ ಕಲಿತದ್ದಲ್ಲ. ಇನ್ಮೇಲೆ ಹೀಗೆ ಮಾಡಬಾರದು ಅಂತ ಇಬ್ಬರೂ ಒಪ್ಕೊಂಡಿದ್ದೀವಿ.

ಮುಂದಿನ ಲ್ಯಾಬ್ ದಿನಾಂಕ ಹೋದ ವಾರ ಬಂತು. ಈ ಸಲ ಮೊದಲು ಅಡುಗೆಮನೆಯ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿದೆ, ಆಮೇಲೆ ಮ್ಯಾನೇಜರ್‌ಗೆ ಮೇಲ್, ಕೊನೆಗೆ ಅಲಾರಂ. ಅಮ್ಮ ಕ್ಯಾಲೆಂಡರ್ ಹತ್ತಿರ ನಿಂತು ಅವರ ಮಂಗಳವಾರ, ಶುಕ್ರವಾರಗಳನ್ನು ಎಣಿಸಿ ನೋಡಿದ್ರು. ಚಿಕ್ಕಮ್ಮನಿಗೆ ಅವತ್ತೇ ಫೋನ್ ಹೋಯ್ತು. ಆಮೇಲೆ ನನ್ನ ಕಡೆ ತಿರುಗಿ ಒಂದೇ ಪ್ರಶ್ನೆ:

"ವಾಪಸ್ ಟಿಕೆಟ್ ಶನಿವಾರಕ್ಕೇ ತಾನೆ?"