ಬೇಸಿಗೆಯಲ್ಲಿ ಮೀನೆಲ್ಲ ತಳ ಸೇರುತ್ತವೆಯೇ? ತೆಪ್ಪ ಹತ್ತುವ ಮುನ್ನ ಗಾಳ, ಬಲೆಯ ಬಗ್ಗೆ ತಿಳಿಯಬೇಕಾದ್ದು

ಬೇಸಿಗೆ ರಜೆ ಬಂತೆಂದರೆ ಮೀನು ಹಿಡಿಯುವ ವಿಡಿಯೊಗಳು ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡತೊಡಗುತ್ತವೆ. ಸಣ್ಣ ದೋಣಿಯಲ್ಲಿ ಕುಳಿತ ವಿದೇಶಿಯೊಬ್ಬ ಭಾರ ಕಟ್ಟಿದ ಗಾಳವನ್ನು ತಳಕ್ಕೆ ಬಿಟ್ಟು ತೋಳುದ್ದದ ಮೀನು ಎಳೆಯುತ್ತಾನೆ. ಜೊತೆಗೆ ಕನ್ನಡದಲ್ಲಿ ಒಂದು ಸಾಲು: ‘ಬೇಸಿಗೆಯಲ್ಲಿ ಮೀನೆಲ್ಲ ತಂಪಿಗೆ ತಳ ಸೇರುತ್ತವೆ, ಆಳಕ್ಕೆ ಬಿಟ್ಟರೆ ಗ್ಯಾರಂಟಿ’. ಉಮ್ಮತ್ತೂರು, ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಕೆರೆಗಳಿಗೂ ಈ ಮಾತು ಹೊಂದುತ್ತದೆಯೇ?

ಒಂದೇ ಮಾತಿನಲ್ಲಿ ಹೇಳುವುದಾದರೆ, ಆ ಮೀನಿಗೆ, ಆ ಸರೋವರಕ್ಕೆ ಅದು ನಿಜ. ನಮ್ಮ ಕೆರೆಗಳಿಗೆ ಅಲ್ಲ. ಏಕೆಂದು ನೋಡೋಣ.

ಆ ವಿಡಿಯೊದ ಮೀನು ಯಾವುದು?

ಇಂಥ ವಿಡಿಯೊಗಳಲ್ಲಿ ಹೆಚ್ಚಾಗಿ ಕಾಣುವುದು ಲೇಕ್ ಟ್ರೌಟ್. ಇದು ಉತ್ತರ ಅಮೆರಿಕದ ಆಳವಾದ, ತಣ್ಣನೆಯ ಸರೋವರಗಳ ಮೀನು. ಅದಕ್ಕೆ ಹಿತವಾಗುವುದು 10 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ನೀರು. ಬೇಸಿಗೆಯಲ್ಲಿ ಅಲ್ಲಿನ ಸರೋವರದ ಮೇಲ್ಪದರ ಬಿಸಿಯಾಗುತ್ತದೆ, ತಣ್ಣೀರು ಭಾರವಾದ್ದರಿಂದ ಕೆಳಗೇ ಉಳಿಯುತ್ತದೆ. ಆ ತಣ್ಣೀರಿನಲ್ಲಿ ಆಮ್ಲಜನಕವೂ ಸಾಕಷ್ಟು ಇರುವುದರಿಂದ ಮೀನು ಆಳಕ್ಕೆ ಇಳಿಯುತ್ತದೆ. ಅದನ್ನು ಹಿಡಿಯಲು ಭಾರದ ಗುಂಡು, ಲೋಹದ ಹೊಳೆಯುವ ಹುಸಿಮೀನು ಬೇಕಾಗುತ್ತದೆ.

ನಮಗೆ ಹತ್ತಿರದಲ್ಲಿ ಟ್ರೌಟ್ ಜಾತಿ ಇರುವುದು ಗುಂಡ್ಲುಪೇಟೆ ದಾಟಿ, ಬಂಡೀಪುರದ ಆಚೆ, ನೀಲಗಿರಿಯ ಎತ್ತರದಲ್ಲಿ. ಬ್ರಿಟಿಷರು ತಂದು ಬಿಟ್ಟ ರೇನ್‌ಬೋ ಟ್ರೌಟ್ ಅಲ್ಲಿನ ತಣ್ಣನೆಯ ತೊರೆಗಳಲ್ಲಿ ಉಳಿದುಕೊಂಡಿದೆ. ಕೆಳಗಿನ ನಮ್ಮ ಬಯಲು ಸೀಮೆಯ ಕೆರೆಯಲ್ಲಿ ಅದು ಬದುಕದು.

ನಮ್ಮ ಕೆರೆಯ ತಳದಲ್ಲಿ ಏನಿದೆ?

ಮಳೆ ನೀರನ್ನೋ, ಏತದಿಂದ ಎತ್ತಿ ತಂದ ಕಬಿನಿ ನೀರನ್ನೋ ನಂಬಿದ ನಮ್ಮ ಕೆರೆಗಳು ಬೇಸಿಗೆಗೆ ತಗ್ಗುತ್ತವೆ. ಉಳಿದ ನೀರೂ ಬಿಸಿಯಾಗುತ್ತದೆ. ಬಿಸಿ ನೀರು ಕಡಿಮೆ ಆಮ್ಲಜನಕ ಹಿಡಿದಿಟ್ಟುಕೊಳ್ಳುತ್ತದೆ. ಸಮುದ್ರ ಮಟ್ಟದಲ್ಲಿ 10 ಡಿಗ್ರಿಯ ಒಂದು ಲೀಟರ್ ನೀರಿನಲ್ಲಿ ಸುಮಾರು 11 ಮಿಲಿಗ್ರಾಂ ಆಮ್ಲಜನಕ ಕರಗಬಲ್ಲದು, 30 ಡಿಗ್ರಿಯಲ್ಲಿ ಸುಮಾರು ಏಳೂವರೆ ಮಾತ್ರ. ಸಾಲದ್ದಕ್ಕೆ ತಳದ ಗೋಡು, ಕೊಳೆಯುವ ಎಲೆ ಮತ್ತು ಪಾಚಿ ಇದ್ದಬದ್ದ ಆಮ್ಲಜನಕವನ್ನೂ ತಿಂದುಹಾಕುತ್ತವೆ. ತಳ ಸ್ವಲ್ಪ ತಂಪಿದ್ದರೂ ಉಸಿರಾಡಲು ಆಗದ ಜಾಗಕ್ಕೆ ಮೀನು ಹೋಗುವುದಿಲ್ಲ.

ಇನ್ನೊಂದು ತಪ್ಪು ತಿಳಿವಳಿಕೆ ಇದೆ. ಮುಂಜಾನೆ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ‘ಹಸಿದಿವೆ, ಗಾಳ ಹಾಕಿ’ ಎನ್ನುವವರಿದ್ದಾರೆ. ಪಾಚಿ ಹಗಲು ಆಮ್ಲಜನಕ ಬಿಡುತ್ತದೆ, ರಾತ್ರಿ ಬಳಸುತ್ತದೆ. ಹೀಗಾಗಿ ಸೂರ್ಯ ಹುಟ್ಟುವ ಮೊದಲು ನೀರಿನಲ್ಲಿ ಆಮ್ಲಜನಕ ಅತಿ ಕಡಿಮೆ. ಆ ಮೀನುಗಳು ಉಸಿರಿಗಾಗಿ ಒದ್ದಾಡುತ್ತಿರುತ್ತವೆ, ಮೇವು ಮುಟ್ಟುವ ಸ್ಥಿತಿಯಲ್ಲಿರುವುದಿಲ್ಲ. ಬಿಸಿಲೇರಿ ಸ್ವಲ್ಪ ಹೊತ್ತಾದ ಮೇಲೆ ಅಥವಾ ಸಂಜೆ, ಗಾಳಿಗೆ ಅಲೆ ಏಳುವ ದಡದ ಕಡೆ ಪ್ರಯತ್ನಿಸುವುದು ಜಾಣತನ.

ಯಾವ ಮೀನಿಗೆ ಯಾವ ಸಾಧನ?

ಮೀನಿನ ಬಾಯಿ ನೋಡಿದರೆ ಅರ್ಧ ಉತ್ತರ ಸಿಗುತ್ತದೆ. ಕಾಟ್ಲಾದ ಬಾಯಿ ಮೇಲ್ಮುಖ, ಅದು ಮೇಲ್ಪದರದಲ್ಲಿ ಮೇಯುತ್ತದೆ. ರೋಹು ನಡುನೀರಿನದು. ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ತಳ ಕೆದಕುತ್ತವೆ. ಜಿಲೇಬಿ ಮೀನು ಹೆಚ್ಚಾಗಿ ದಡದ ಹತ್ತಿರ ಸಿಗುತ್ತದೆ.

• ಗಾಳಕ್ಕೆ ಬೆಂಡು ಕಟ್ಟಿಕೊಳ್ಳಿ. ಬೆಂಡನ್ನು ದಾರದ ಮೇಲೆ ಹಿಂದೆ ಮುಂದೆ ಸರಿಸಿದರೆ ಆಳ ಬದಲಾಗುತ್ತದೆ. ಭಾರ ಹೆಚ್ಚಿಸುವುದಕ್ಕಿಂತ ಇದೇ ಮುಖ್ಯ.
• ಗೆಂಡೆ ಜಾತಿಗೆ ರಾಗಿ ಅಥವಾ ಮೈದಾ ಹಿಟ್ಟಿನ ಉಂಡೆ, ಎರೆಹುಳು ಸಾಕು. ಲೋಹದ ಹುಸಿಮೀನು ಇರುವುದು ಬೇಟೆಯಾಡುವ ಮೀನಿಗೆ, ಗೆಂಡೆ ಅದನ್ನು ಸಾಮಾನ್ಯವಾಗಿ ಮೂಸುವುದಿಲ್ಲ.
• ಸೀಸದ ಗುಂಡನ್ನು ಹಲ್ಲಿನಿಂದ ಕಚ್ಚಿ ಬಿಗಿಯಬೇಡಿ. ಸೀಸ ವಿಷ, ಮಕ್ಕಳಿಗೆ ಇನ್ನೂ ಅಪಾಯ. ಇಕ್ಕಳ ಬಳಸಿ, ಆಮೇಲೆ ಕೈ ತೊಳೆಯಿರಿ.
• ಆನ್‌ಲೈನಿನಲ್ಲಿ ಬರುವ ಕಾರ್ಬನ್ ಕೋಲು ಹಗುರ, ಆದರೆ ಅದರಲ್ಲಿ ಕರೆಂಟ್ ಹರಿಯುತ್ತದೆ. ವಿದ್ಯುತ್ ತಂತಿ ಹಾದುಹೋಗುವ ಕಡೆ ಅದನ್ನು ಎತ್ತಲೇಬಾರದು. ಒದ್ದೆ ಬಿದಿರಿನ ಕೋಲೂ ಅಲ್ಲಿ ಸುರಕ್ಷಿತವಲ್ಲ.
• ಬಲೆ ಹಾಕುವವರು ನೋಡಬೇಕಾದ್ದು ಕಣ್ಣಿನ ಅಳತೆ. ದೊಡ್ಡ ಕಣ್ಣಿನ ಬಲೆಯಲ್ಲಿ ಮರಿಗಳು ತಪ್ಪಿಸಿಕೊಂಡು ಹೋಗುತ್ತವೆ.

ಮರಿ ಹೋದರೆ ಏನು ನಷ್ಟ?

‘ಸೊಳ್ಳೆಪರದೆ ಬಲೆಯಿಂದ ಒಂದೇ ಬಾರಿಗೆ ಬುಟ್ಟಿ ತುಂಬ’ ಎನ್ನುವ ವಿಡಿಯೊಗಳ ನಿಜವಾದ ಹಾನಿ ಇಲ್ಲಿದೆ. ಕಾಟ್ಲಾ, ರೋಹು, ಮೃಗಾಲ್ ನಿಂತ ನೀರಿನಲ್ಲಿ ಸಾಮಾನ್ಯವಾಗಿ ಮರಿ ಮಾಡುವುದಿಲ್ಲ. ಅವಕ್ಕೆ ಹರಿಯುವ ಹೊಸನೀರು ಬೇಕು. 1957ರಲ್ಲಿ ಹೀರಾಲಾಲ್ ಚೌಧುರಿ ಅವರು ಮೀನಿನ ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಗೆಂಡೆ ಮೀನುಗಳು ಮೊಟ್ಟೆ ಇಡುವಂತೆ ಮಾಡಿದರು. ಇಂದು ಕೆರೆಗೆ ಬಿಡುವ ಮರಿಗಳು ಬರುವುದು ಆ ದಾರಿಯಿಂದಲೇ. ಅಂದರೆ ನಮ್ಮ ಕೆರೆಯ ಮರಿ ತಾನಾಗಿ ಹುಟ್ಟಿದ್ದಲ್ಲ, ಯಾರೋ ದುಡ್ಡು ಕೊಟ್ಟು ತಂದು ಬಿಟ್ಟದ್ದು. ಬಹುಪಾಲು ಕೆರೆಗಳ ಮೀನಿನ ಹಕ್ಕು ಮೀನುಗಾರರ ಸಹಕಾರ ಸಂಘಕ್ಕೋ ಗುತ್ತಿಗೆದಾರರಿಗೋ ಇರುತ್ತದೆ. ಬೆರಳುದ್ದದ ಮರಿ ಬಾಚಿದರೆ ಅವರ ಮುಂದಿನ ವರ್ಷದ ದುಡಿಮೆಯೇ ಹೋಗುತ್ತದೆ. ಆದ್ದರಿಂದ ಸುವರ್ಣಾವತಿ, ಚಿಕ್ಕಹೊಳೆ ಜಲಾಶಯವಿರಲಿ, ಊರ ಕೆರೆಯಿರಲಿ, ಮೊದಲು ಮೀನುಗಾರಿಕೆ ಇಲಾಖೆ ಅಥವಾ ಸಂಘದಲ್ಲಿ ಅನುಮತಿ ಕೇಳಿ. ಹುಲಿ ಸಂರಕ್ಷಿತ ಪ್ರದೇಶದ ಒಳಗಿನ ನೀರಿಗೆ ಇಳಿಯಲೇಬೇಡಿ.

ಬ್ಯಾಟರಿ, ಸಿಡಿಮದ್ದು ಬೇಡವೇ ಬೇಡ

ಬ್ಯಾಟರಿ, ಇನ್ವರ್ಟರ್ ಕಟ್ಟಿ ನೀರಿಗೆ ಕರೆಂಟ್ ಬಿಡುವುದನ್ನು ಕೆಲವರು ‘ಐಡಿಯಾ’ ಎಂದು ಹಂಚುತ್ತಾರೆ. ಮನೆಯ ಸುರಕ್ಷತಾ ಸ್ವಿಚ್ 30 ಮಿಲಿಆಂಪಿಯರ್ ಸೋರಿದರೇ ಕಡಿತವಾಗುವಂತೆ ಮಾಡಿರುವುದು, ಅದಕ್ಕಿಂತ ಹೆಚ್ಚು ಕರೆಂಟ್ ದೇಹದಲ್ಲಿ ಹರಿದರೆ ಹೃದಯ ನಿಲ್ಲಬಹುದು ಎಂಬ ಕಾರಣಕ್ಕೆ. ಒದ್ದೆ ಮೈಯಲ್ಲಿ, ಆ ಸ್ವಿಚ್ಚಿನ ಕಾವಲಿಲ್ಲದೆ ನೀರಿನಲ್ಲಿ ನಿಂತವನ ಗತಿ ಊಹಿಸಿ. ಸಿಡಿಮದ್ದು, ವಿಷ ಹಾಕಿ ಮೀನು ಹಿಡಿಯುವುದು 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯ ಕಾಲದಿಂದಲೂ ಅಪರಾಧ. ತೇಲಿ ಬಂದ ಸತ್ತ ಮೀನನ್ನು ತಂದು ಬೇಯಿಸುವುದೂ ಬೇಡ.

ತೆಪ್ಪದಲ್ಲಿ ಮರೆಯಬಾರದ ಸಾಮಾನು

ಗಾಳ ಮರೆತರೆ ಮೀನು ಸಿಗದು, ಅಷ್ಟೆ. ಲೈಫ್ ಜಾಕೆಟ್ ಮರೆತರೆ ಮನುಷ್ಯನೇ ಸಿಗದಿರಬಹುದು. ತೆಪ್ಪ ದುಂಡಗಿರುತ್ತದೆ, ಒಂದೇ ಕಡೆ ಎಲ್ಲರೂ ಬಾಗಿದರೆ ಅಥವಾ ಎದ್ದು ನಿಂತರೆ ಮಗುಚುತ್ತದೆ. ಬಲೆಯ ಹಗ್ಗವನ್ನು ಕೈಗೆ, ಕಾಲಿಗೆ ಸುತ್ತಿಕೊಳ್ಳಬೇಡಿ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಮಧ್ಯಾಹ್ನದ ಮೇಲೆ ಗುಡುಗು ಸಹಿತ ಮಳೆ ಸಾಮಾನ್ಯ. ಬಯಲು ನೀರಿನ ನಡುವೆ ಎತ್ತರದ ವಸ್ತುವೆಂದರೆ ನೀವು ಮತ್ತು ನಿಮ್ಮ ಕೋಲು. ಗುಡುಗು ಕೇಳಿದ ಕೂಡಲೇ ದಡ ಸೇರಿ.

ನಮ್ಮ ತೀರ್ಮಾನ

‘ಬೇಸಿಗೆಯಲ್ಲಿ ಮೀನೆಲ್ಲ ತಳ ಸೇರುತ್ತವೆ’ ಎಂಬುದು ತಂಪು ದೇಶದ ಆಳ ಸರೋವರದ ಅನುಭವ. ನಮ್ಮಲ್ಲಿ ಮೀನು ಹುಡುಕುವುದು ತಂಪಿಗಿಂತ ಹೆಚ್ಚಾಗಿ ಉಸಿರನ್ನು. ದುಬಾರಿ ಸಾಮಾನಿಗಿಂತ ಸರಿಸಬಹುದಾದ ಬೆಂಡು, ದೊಡ್ಡ ಕಣ್ಣಿನ ಬಲೆ ಮತ್ತು ಒಂದು ಲೈಫ್ ಜಾಕೆಟ್ ಇಲ್ಲಿ ಹೆಚ್ಚು ಉಪಯೋಗ. ಮುಂದಿನ ಸಲ ಇಂಥ ವಿಡಿಯೊ ಬಂದರೆ, ಮುಂದಕ್ಕೆ ಕಳಿಸುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಇದು ಯಾವ ಮೀನು, ಯಾವ ನೀರು?